ಅವಳಿಗಿಲ್ಲದ ಉರಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವಳು. ಎದುರಿಗೆ ನಗುತ್ತಿರಲಿಲ್ಲ, ಮನೆಗೆ ಬಂದು ಯಜಮಾನರ ಹತ್ತಿರ ಹೇಳಿಕೊಂಡು ನಗುತ್ತಿದ್ದೆ. ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಸ್ಟಾಫ್ ರೂಮಿನಲ್ಲಿ ಒಬ್ಬರು ತೀರಿಹೋದ ಅತ್ತೆ ಕನಸಿನಲ್ಲಿ ಬಂದು ಬಾಗಿಲು ತಟ್ಟಿದ್ದನ್ನು ಹೇಳಿದರೆ, ಇನ್ನೊಬ್ಬರು ಅದಕ್ಕಿಂತ ದೊಡ್ಡದೊಂದನ್ನು ಹೇಳುತ್ತಿದ್ದರು. ನಾನು ತಲೆ ಬಗ್ಗಿಸಿಕೊಂಡು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕೆಲವು ವರ್ಷಗಳ ಹಿಂದೆ ನನಗೇ ಒಂದು ಅನುಭವವಾಯಿತು. ಆಮೇಲೆ ಆ ಮಾತುಗಳಿಗೆ ನಗುವುದನ್ನು ಬಿಟ್ಟಿದ್ದೇನೆ. ನಂಬಲು ಶುರು ಮಾಡಿದೆ ಎಂದೂ ಅಲ್ಲ. ನಡೆದದ್ದನ್ನು ಕೂಡಿಸದೆ ಕಳೆಯದೆ ಇಲ್ಲಿ ಹೇಳುತ್ತೇನೆ. ಅದಕ್ಕೆ ಅರ್ಥ ಏನು ಎಂದು ಓದುವವರೇ ನೋಡಿಕೊಳ್ಳಬೇಕು, ನನಗಂತೂ ತಿಳಿದಿಲ್ಲ.

ಯಜಮಾನರ ತಮ್ಮ ಮುನಿರಾಜು ಮಂಡಿಕಲ್ಲಿನ ಹತ್ತಿರದ ಹಳ್ಳಿಯಲ್ಲಿದ್ದಾನೆ. ಸ್ವಲ್ಪ ತೋಟ, ಕೆಲವು ಹಸುಗಳು, ಇಬ್ಬರು ಹೆಣ್ಣುಮಕ್ಕಳು, ಡೈರಿಗೆ ಹಾಲು ಹಾಕುವ ಸಂಸಾರ. ಅವನ ಹೆಂಡತಿ ಗಂಗರತ್ನ ನನ್ನ ಓರಗಿತ್ತಿ. ಅವಳ ತವರು ಗೌರಿಬಿದನೂರಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಮನೆಮಾತು ತೆಲುಗು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಆದರೆ ನಾನು ಟೀಚರು ಎಂದೋ ಏನೋ, ನನ್ನ ಮುಂದೆ ಬಾಯಿ ಬಿಡಲು ಅವಳಿಗೆ ಹಿಂಜರಿಕೆ. ನನ್ನ ತೆಲುಗೋ, ಸಂತೆಯಲ್ಲಿ ಸೊಪ್ಪು ಕೊಳ್ಳುವಷ್ಟು. ಹಬ್ಬಕ್ಕೆ ಹೋದಾಗ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ಒಬ್ಬಟ್ಟು ತಟ್ಟುತ್ತಿದ್ದೆವು. "ಸಾಕಾ ಅಕ್ಕ", "ಸಾಕು ಕಣಮ್ಮ" ಎನ್ನುವುದಕ್ಕಿಂತ ಹೆಚ್ಚಿನ ಮಾತು ನಡೆದದ್ದು ಕಡಿಮೆ. ನಮ್ಮಲ್ಲಿ ಜಗಳ ಇರಲಿಲ್ಲ. ಸಲುಗೆಯೂ ಇರಲಿಲ್ಲ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅವಳು ನನ್ನ ಮಗಳೋ ಒಡಹುಟ್ಟಿದವಳೋ ಆಗಿದ್ದರೆ ಮುಂದಿನದಕ್ಕೆಲ್ಲ ಕರುಳಿನ ನಂಟು ಎಂದು ಹೇಳಿ ಸುಮ್ಮನಾಗಬಹುದಿತ್ತು.

ಮಳೆಗಾಲ ಮುಗಿಯುತ್ತ ಬಂದಿತ್ತು. ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆ. ಬೆಳಗಿನ ಹೊತ್ತು ಕೊಠಡಿಯಲ್ಲಿ ಮಕ್ಕಳ ನಡುವೆ ಓಡಾಡುತ್ತಿದ್ದಾಗ ನನಗೆ ಎಡಮೊಲೆಯ ಕೆಳಗಿನ ಮಡಿಕೆಯಲ್ಲಿ, ಊದುಬತ್ತಿಯ ತುದಿಯನ್ನು ತಾಗಿಸಿದ ಹಾಗೆ, ಚುರುಕ್ ಎಂದು ಉರಿಯಿತು. ಇರುವೆ ಹೊಕ್ಕಿರಬೇಕು ಎಂದುಕೊಂಡೆ. ಮಕ್ಕಳ ಮುಂದೆ ಏನು ಮಾಡಲಿ, ತಡೆದುಕೊಂಡೆ. ಗಂಟೆ ಹೊಡೆದ ಮೇಲೆ ಟಾಯ್ಲೆಟ್ಟಿಗೆ ಹೋಗಿ ನೋಡಿದರೆ ಇರುವೆಯೂ ಇಲ್ಲ, ಕಚ್ಚಿದ ಗುರುತೂ ಇಲ್ಲ. ಬೆರಳಿನಿಂದ ಮುಟ್ಟಿದರೆ ಚರ್ಮ ತಣ್ಣಗಿತ್ತು. ಉರಿ ಮಾತ್ರ ಇತ್ತು.

ಸಂಜೆ ಮನೆಯಲ್ಲಿ ಕನ್ನಡಿ ಹಿಡಿದು ನೋಡಿಕೊಂಡೆ. ಯಜಮಾನರಿಗೂ ಹೇಳಿದೆ. ಅವರು ಮೊಬೈಲಿನ ಲೈಟು ಬಿಟ್ಟು ನೋಡಿ, "ಏನೂ ಇಲ್ವಲ್ಲೇ, ಬೆವರಿಗೆ ಆಗಿರ್ಬೇಕು" ಎಂದರು. ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ, ಸಡಿಲವಾದ ಬಟ್ಟೆ ಹಾಕಿಕೊಂಡೆ. ಏನೂ ಬದಲಾಗಲಿಲ್ಲ. ಉರಿ ಹರಡಲೂ ಇಲ್ಲ, ಜಾಗ ಬಿಟ್ಟು ಕದಲಲೂ ಇಲ್ಲ. ಕಡಲೆಬೇಳೆಯಷ್ಟು ಜಾಗ. ಕಣ್ಣು ಮುಚ್ಚಿಕೊಂಡು ಅದರ ಮೇಲೆ ಬೆರಳಿಡಬಲ್ಲವಳಾಗಿದ್ದೆ. ಪಾಠದ ನಡುವೆ, ಅಡುಗೆಯ ನಡುವೆ, ಅದು ನನ್ನನ್ನು ಕರೆದು ನಿಲ್ಲಿಸುತ್ತಿತ್ತು.

ಮೂರ್ನಾಲ್ಕು ದಿನ ನೋಡಿ ಊರಿನಲ್ಲೇ ಒಬ್ಬರು ಚರ್ಮದ ಡಾಕ್ಟರ ಹತ್ತಿರ ಹೋದೆ. ವಯಸ್ಸಾದ ಹೆಂಗಸು. ಚೆನ್ನಾಗಿ ನೋಡಿ, "ಸರ್ಪಸುತ್ತು ಶುರುವಾಗೋಕೆ ಮುಂಚೆ ಕೆಲವರಿಗೆ ಹಿಂಗೆ ನರದ ಉರಿ ಬರತ್ತೆ. ಗುಳ್ಳೆ ಎದ್ರೆ ತಕ್ಷಣ ಬನ್ನಿ" ಎಂದರು. ಅದು ನನಗೆ ಸರಿಯೆನಿಸಿತು. ಕಾರಣ ಗೊತ್ತಾದ ನೋವು ಅರ್ಧ ನೋವು. ಆದರೆ ಗುಳ್ಳೆ ಏಳಲಿಲ್ಲ. ಇದನ್ನೆಲ್ಲ ಇಷ್ಟು ವಿವರವಾಗಿ ಬರೆಯುತ್ತಿರುವುದು ಯಾಕೆಂದರೆ, ಈ ಉರಿ ನಾನು ಆಮೇಲೆ ಕಟ್ಟಿಕೊಂಡ ಕಥೆಯಲ್ಲ. ಗಂಗರತ್ನಳಿಗೆ ಹುಷಾರಿಲ್ಲವೆಂಬ ಸುದ್ದಿ ನಮಗೆ ಮುಟ್ಟುವ ಮೊದಲೇ ನನ್ನ ಗಂಡನಿಗೂ ಆ ಡಾಕ್ಟರಿಗೂ ಅದು ಗೊತ್ತಿತ್ತು.

ಮುನಿರಾಜು ಫೋನು ಮಾಡಿದ್ದು ಅದಾದ ಮೇಲೆ. ನಾನೇ ಎತ್ತಿಕೊಂಡೆ. "ಅತ್ತಿಗೆ, ಗಂಗಂಗೆ ಜ್ವರ ಇಳೀತಾನೇ ಇಲ್ಲ. ಚಿಕ್ಕಬಳ್ಳಾಪುರಕ್ಕೆ ಕರ್ಕೊಂಡು ಬಂದಿದೀನಿ. ಅಣ್ಣಂಗೆ ಹೇಳಿ" ಎಂದ.

ಆಮೇಲೆ ತಿಳಿದದ್ದು ಇಷ್ಟು. ವಾರದಿಂದ ಜ್ವರ. ಮೊದಲು ತಲೆನೋವು, ಮೈಕೈ ನೋವು. ಹತ್ತಿರದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟಿದ್ದರು. ಒಂದು ಹೊತ್ತು ಇಳಿದು ಮತ್ತೆ ಏರುತ್ತಿತ್ತು. ಅವಳು ಅದರಲ್ಲೇ ಎದ್ದು ಕಸ ಬಾಚಿ ಹಾಲು ಕರೆಯುತ್ತಿದ್ದಳು. ವೈರಲ್ ಇರಬೇಕು, ತಾನೇ ಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಒಂದು ಬೆಳಿಗ್ಗೆ ಕರೆದ ಹಾಲನ್ನು ಕ್ಯಾನಿಗೆ ಹಾಕುವ ಬದಲು ಹಸುವಿನ ಮುಸುರೆ ಬಾನಿಗೆ ಸುರಿದು, ಸುಮ್ಮನೆ ನೋಡುತ್ತ ನಿಂತಿದ್ದಳಂತೆ. ಮುನಿರಾಜು ಹೆದರಿದ್ದು ಆಗ.

ನಾವು ಆ ಮಧ್ಯಾಹ್ನವೇ ಬಸ್ಸು ಹಿಡಿದು ಹೊರಟೆವು. ಆಸ್ಪತ್ರೆಯ ವಾರ್ಡಿನಲ್ಲಿ ಅವಳನ್ನು ನೋಡಿದಾಗ ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು. ಮುಖ ಊದಿಕೊಂಡಿತ್ತು. ಕಣ್ಣು ಕೆಂಪಗೆ, ಅರೆ ತೆರೆದು, ಯಾರನ್ನೂ ನೋಡದೆ. ಓಡಿ ಬಂದವಳ ಹಾಗೆ ಏದುಸಿರು. ನಡುನಡುವೆ ತೆಲುಗಿನಲ್ಲಿ ಏನೋ ಹೇಳುತ್ತಿದ್ದಳು. ಮುನಿರಾಜು, "ಹಸೂನ ಕರೀತಾವ್ಳೆ" ಎಂದ. ನೈಟಿಯ ಮೇಲೆ ಒಂದು ಟವೆಲು ಹೊದ್ದುಕೊಂಡು, ಆ ಟವೆಲನ್ನು ಎರಡೂ ಕೈಯಿಂದ ಎದೆಗೆ ಅವುಚಿ ಹಿಡಿದಿದ್ದಳು. ಆ ವಾರ್ಡಿನೊಳಗೆ ಕಾಲಿಟ್ಟಾಗಿನಿಂದ ನನ್ನ ಉರಿ ಜೋರಾಗಿತ್ತು. ಬಸ್ಸಿನ ಬಿಸಿಲಿಗೆ ಎಂದುಕೊಂಡೆ. ನಿಜವಾಗಿ ಹೇಳುತ್ತೇನೆ, ಅದಕ್ಕೂ ಅವಳಿಗೂ ಸಂಬಂಧ ಇರಬಹುದೆಂಬ ಯೋಚನೆ ಆಗಲೂ ಬಂದಿರಲಿಲ್ಲ.

ಡಾಕ್ಟರು ನಲವತ್ತರ ಆಸುಪಾಸಿನವರು, ನಿಧಾನದ ಮಾತು. ಡೆಂಗಿ ಇರಬೇಕೆಂದು ಟೆಸ್ಟು ಮಾಡಿಸಿದ್ದರು, ಇಲ್ಲವೆಂದು ಬಂದಿತ್ತು. ಪ್ಲೇಟ್‌ಲೆಟ್ ಮಾತ್ರ ಇಳಿಯುತ್ತಲೇ ಇತ್ತು. ಲಿವರಿಗೂ ಏಟು ಬೀಳುತ್ತಿತ್ತು. ಹೀಗೇ ಹೋದರೆ ಕಷ್ಟ, ಬೆಂಗಳೂರಿಗೆ ಕಳಿಸೋಣವೆಂದು ಆಂಬುಲೆನ್ಸಿಗೆ ಹೇಳಿಯಾಗಿತ್ತು. ನಾವು ಹೋದಾಗ ಅವರು ಇನ್ನೊಂದು ಸಲ ಅವಳ ಹತ್ತಿರ ಬಂದು, ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡುತ್ತಿದ್ದರು. ಅಂಗೈಯಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳಿದ್ದವು. ಪಾದದ ಅಡಿಯಲ್ಲೂ.

"ಮನೇಲಿ ದನ ಇದಾವಾ?" ಎಂದು ಮುನಿರಾಜುವನ್ನು ಕೇಳಿದರು.

"ಇದಾವೆ ಸಾರ್. ನಾಯೀನೂ ಇದೆ."

"ಹುಲ್ಲು ಕೊಯ್ಯೋಕೆ ಇವ್ರೇ ಹೋಗ್ತಾರಾ?"

"ದಿನಾ ಹೋಗ್ತಾಳೆ ಸಾರ್, ಗುಡ್ಡದ ಕಡೆ. ಪೊದೆ ಒಳಗೆಲ್ಲ ನುಗ್ತಾಳೆ."

ಡಾಕ್ಟರು ತಲೆಯಾಡಿಸಿದರು. "ಅಂಗೈ, ಅಂಗಾಲಲ್ಲಿ ಚುಕ್ಕೆ ನೋಡಿದ್ರೆ ನನಗೆ ಉಣ್ಣಿ ಜ್ವರದ ಅನುಮಾನ. ದನದ ಮೈಮೇಲೆ, ನಾಯಿ ಮೈಮೇಲೆ ಇರತ್ತಲ್ಲ, ಆ ಉಣ್ಣಿ ಕಚ್ಚಿ ಬರೋದು."

"ಮಂಗನ ಕಾಯಿಲೇನಾ ಸಾರ್?" ಎಂದು ಯಜಮಾನರು ಗಾಬರಿಯಿಂದ ಕೇಳಿದರು.

"ಅಲ್ಲ, ಅದು ವೈರಸ್ಸು. ಇದು ಬ್ಯಾಕ್ಟೀರಿಯಾ. ಇದಕ್ಕೆ ಒಳ್ಳೆ ಔಷಧಿ ಇದೆ, ಆದ್ರೆ ಬೇಗ ಕೊಡ್ಬೇಕು. ತಡ ಆದ್ರೆ ಶ್ವಾಸಕೋಶ, ಕಿಡ್ನಿ, ಮೆದುಳು ಎಲ್ಲಕ್ಕೂ ಹೋಗತ್ತೆ. ಕೆಲವರಿಗೆ ಉಣ್ಣಿ ಕಚ್ಚಿದ ಜಾಗದಲ್ಲಿ ಒಂದು ಕಪ್ಪು ಹಕ್ಕಳೆ ಕಟ್ಟಿರತ್ತೆ, ಬೀಡಿ ತುದಿ ತಾಗಿ ಸುಟ್ಟ ಹಾಗೆ. ಅದು ಸಿಕ್ಕಿದ್ರೆ ನನಗೆ ಅನುಮಾನಾನೇ ಇರಲ್ಲ." ಆಮೇಲೆ ನರ್ಸಿನ ಕಡೆ ತಿರುಗಿದರು. ಆಕೆ, ಕೈ, ಕಾಲು, ಬೆನ್ನು, ಕಿವಿಯ ಹಿಂದೆ, ಕಂಕುಳು ಎಲ್ಲ ನೋಡಿದ್ದೇನೆ, ಎದೆಯ ಹತ್ತಿರ ಮಾತ್ರ ಆಯಮ್ಮ ಕೈ ಇಡಲು ಬಿಡುತ್ತಿಲ್ಲ ಎಂದರು. ಆ ನರ್ಸಿನದೂ ತಪ್ಪಿಲ್ಲ. ಆ ಟವೆಲನ್ನು ಬಿಡಿಸಲು ಇಬ್ಬರು ಬೇಕಿತ್ತು, ವಾರ್ಡಿನಲ್ಲಿ ಆಕೆ ಒಬ್ಬರೇ ಇದ್ದರು.

ಬೀಡಿ ತುದಿ ತಾಗಿ ಸುಟ್ಟ ಹಾಗೆ ಎಂಬ ಮಾತು ಕಿವಿಗೆ ಬಿದ್ದಾಗ ನನಗೆ ಆದದ್ದನ್ನು ಹೇಗೆ ಹೇಳಬೇಕೋ ತಿಳಿಯುವುದಿಲ್ಲ. ಅವಳ ಮೈಮೇಲೆ ಆ ಗುರುತು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಇರಬಹುದು ಎಂದಲ್ಲ. ನನ್ನ ಮನೆಯ ಬಾಗಿಲು ಯಾವ ದಿಕ್ಕಿಗಿದೆ ಎಂದು ಗೊತ್ತಿರುವ ಹಾಗೆ ಗೊತ್ತಿತ್ತು.

"ಒಂದು ಸಲ ನಾನು ನೋಡ್ತೀನಿ" ಎಂದೆ. ಯಜಮಾನರು ನನ್ನ ಮುಖ ನೋಡಿದರು. ಗಂಡಸರೆಲ್ಲ ಆಚೆ ಸರಿದರು. ನರ್ಸು ಹಸಿರು ಪರದೆ ಎಳೆದರು.

ಅವಳ ಕೈ ಮೇಲೆ ಕೈಯಿಟ್ಟೆ. ಕಾದ ಕಬ್ಬಿಣದ ಹಾಗಿತ್ತು. ಟವೆಲನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಮೈಮೇಲೆ ಪ್ರಜ್ಞೆ ಇಲ್ಲದಿದ್ದರೂ ಆ ಒಂದು ನಾಚಿಕೆ ಮಾತ್ರ ಎಚ್ಚರವಾಗಿತ್ತು. ಕನ್ನಡದಲ್ಲಿ ಏನು ಹೇಳಿದರೂ ಅವಳಿಗೆ ಮುಟ್ಟಲಿಲ್ಲ. ಕೊನೆಗೆ ನನಗೆ ಬರುವ ಹರಕು ತೆಲುಗಿನಲ್ಲಿ, "ನೇನೇ ಗಂಗಾ, ಅಕ್ಕನಿ" ಎಂದೆ. ನಾನೇ ಕಣೆ, ಅಕ್ಕ. ಬೆರಳುಗಳು ಸಡಿಲವಾದವು.

ಬೇರೆ ಎಲ್ಲೂ ನಾನು ಹುಡುಕಲಿಲ್ಲ. ನೇರವಾಗಿ ಎಡಗಡೆಯ ಮಡಿಕೆಯನ್ನು ಮೆಲ್ಲಗೆ ಎತ್ತಿದೆ. ಅಲ್ಲಿ ಇತ್ತು. ಕಡಲೆಬೇಳೆಯಷ್ಟು ಕಪ್ಪು ಹಕ್ಕಳೆ, ಸುತ್ತಲೂ ಕೆಂಪು ಉಂಗುರ. ನನ್ನ ಮೈಮೇಲೆ ಎಲ್ಲಿ ಬೆರಳಿಡುತ್ತಿದ್ದೆನೋ ಕರಾರುವಾಕ್ಕಾಗಿ ಅಲ್ಲೇ. ನರ್ಸು ಉಸಿರು ಎಳೆದುಕೊಂಡು, "ಅಯ್ಯೋ, ಇಲ್ಲೇ ಇತ್ತಲ್ಲ ಮೇಡಂ" ಎಂದು ಡಾಕ್ಟರನ್ನು ಕರೆಯಲು ಹೋದರು. ನಾನು ಮಂಚದ ಕಂಬಿ ಹಿಡಿದು ನಿಂತೆ. ಅಳು ಬರಲಿಲ್ಲ. ಸಂತೋಷವೂ ಆಗಲಿಲ್ಲ. ನನಗೆ ಭಯವಾಗಿತ್ತು, ಅವಳ ಕಾಯಿಲೆಯದಲ್ಲ.

ಡಾಕ್ಟರು ಒಂದೇ ನೋಟಕ್ಕೆ, "ಸರಿ, ಇದೇ" ಎಂದರು. ರಕ್ತದ ಪರೀಕ್ಷೆಗೆ ಕಳಿಸುತ್ತೇವೆ, ಆದರೆ ಅದು ಬರುವ ತನಕ ಕಾಯುವುದಿಲ್ಲ ಎಂದರು. ನುಂಗುವ ಸ್ಥಿತಿಯಲ್ಲಿ ಅವಳಿರಲಿಲ್ಲ, ಡಾಕ್ಸಿಸೈಕ್ಲಿನ್ ಎಂಬ ಔಷಧಿಯನ್ನು ಡ್ರಿಪ್ಪಿನಲ್ಲಿ ಹಾಕಿದರು. ಆಂಬುಲೆನ್ಸಿನವನಿಗೆ ಸದ್ಯಕ್ಕೆ ಬೇಡವೆಂದು ಹೇಳಿಸಿದರು. ಅವಳನ್ನು ಐಸಿಯುಗೆ ಸಾಗಿಸಿದರು. ಮೊದಲ ದಿನ ಏನೂ ಹೇಳಲಾಗದು ಎಂದರು; ಆಕ್ಸಿಜನ್ ಹಾಕಿದ್ದರು. ಮುನಿರಾಜು ಐಸಿಯುವಿನ ಬಾಗಿಲ ಮುಂದೆ ಕೂತು ಎದ್ದೇಳಲಿಲ್ಲ, ಅನ್ನ ತಿನ್ನಲಿಲ್ಲ. ಅವನ ಇಬ್ಬರು ಹೆಣ್ಣುಮಕ್ಕಳನ್ನು ನಾನು ಶಿಡ್ಲಘಟ್ಟಕ್ಕೆ ಕರೆದುಕೊಂಡು ಬಂದೆ. ಚಿಕ್ಕದು ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿ, "ದೊಡ್ಡಮ್ಮ, ಅಮ್ಮ ಮಾತಾಡ್ತಾಳಾ?" ಎಂದು ಕೇಳಿತು. ಮಾತಾಡ್ತಾಳೆ ಎಂದೆ. ಅದನ್ನು ಯಾವ ಧೈರ್ಯದ ಮೇಲೆ ಹೇಳಿದೆನೋ.

ಎರಡು ಮೂರು ದಿನಕ್ಕೆ ಜ್ವರ ಇಳಿಯಿತು. ಚುಕ್ಕೆಗಳು ಮಸುಕಾದವು. ಒಂದು ಮಧ್ಯಾಹ್ನ ಅವಳು ಕಣ್ಣು ಬಿಟ್ಟು, "ಹಸೂಗೆ ಯಾರು ಹುಲ್ಲು ಹಾಕ್ತಾವ್ರೆ?" ಎಂದು ಗಂಡನನ್ನು ಕೇಳಿದಳಂತೆ. ಅವನು ಅದನ್ನು ಫೋನಿನಲ್ಲಿ ಹೇಳುತ್ತ ಅತ್ತುಬಿಟ್ಟ. ಮನೆಗೆ ಬಂದ ಮೇಲೂ ಬಹಳ ದಿನ ನಿಶ್ಶಕ್ತಿ ಇತ್ತು, ಕೂದಲು ಉದುರಿತು. ಆದರೆ ಬದುಕಿದಳು. ರಕ್ತದ ಪರೀಕ್ಷೆಯೂ ಡಾಕ್ಟರ ಮಾತನ್ನೇ ಹೇಳಿತು.

ನನ್ನ ಉರಿ ಯಾವಾಗ ನಿಂತಿತು ಎಂದು ನನಗೆ ಗೊತ್ತಿಲ್ಲ. ಗುರುತು ಸಿಕ್ಕ ಕ್ಷಣಕ್ಕೆ ಹೋಯಿತು ಎಂದು ಬರೆದರೆ ಓದುವುದಕ್ಕೆ ಚೆಂದ ಇರುತ್ತಿತ್ತು. ಹಾಗಾಗಲಿಲ್ಲ. ಮಕ್ಕಳಿಗೆ ತಲೆ ಬಾಚುವುದು, ಡಬ್ಬಿ ಕಟ್ಟುವುದು, ಆಸ್ಪತ್ರೆಗೆ ಊಟ ಕಳಿಸುವುದು, ಈ ಗಡಿಬಿಡಿಯಲ್ಲಿ ಒಂದು ದಿನ ನೆನಪು ಬಂದು ನೋಡಿಕೊಂಡರೆ ಇರಲಿಲ್ಲ. ಮತ್ತೆ ಬಂದಿಲ್ಲ.

ಅವಳನ್ನು ಡಿಸ್ಚಾರ್ಜ್ ಮಾಡುವ ದಿನ ಡಾಕ್ಟರನ್ನು ಒಂದು ಮಾತು ಕೇಳಿದೆ. ಆ ಹಕ್ಕಳೆ ಇಷ್ಟು ದಿನ ಉರಿಯುತ್ತಿದ್ದರೂ ಅವಳು ಯಾಕೆ ಹೇಳಲಿಲ್ಲ? ಅವರು, "ಅದು ಉರಿಯಲ್ಲ ಮೇಡಂ. ನೋವಿರಲ್ಲ, ತುರಿಕೆ ಇರಲ್ಲ. ಅದಕ್ಕೇ ಪೇಷೆಂಟಿಗೇ ಗೊತ್ತಿರಲ್ಲ, ನಾವು ಹುಡುಕ್ಬೇಕು" ಎಂದರು. ಗುರುತು ಸಿಗದಿದ್ದರೆ ಏನು ಮಾಡುತ್ತಿದ್ದಿರಿ ಎಂದೂ ಕೇಳಿದೆ. ಸ್ವಲ್ಪ ಯೋಚಿಸಿ, "ಚುಕ್ಕೆ ನೋಡಿಯೇ ಔಷಧಿ ಶುರು ಮಾಡ್ತಿದ್ದೆ ಅನ್ಸತ್ತೆ. ಇಲ್ಲಾ ಬೆಂಗಳೂರಲ್ಲಿ ಶುರು ಮಾಡ್ತಿದ್ರು. ಅಷ್ಟು ಹೊತ್ತು ಇವ್ರು ತಡೀತಿದ್ರಾ ಅಂತ ಹೇಳಕ್ಕಾಗಲ್ಲ" ಎಂದರು. ನನ್ನ ವಿಷಯ ಅವರಿಗೆ ಹೇಳಲಿಲ್ಲ. ಬಾಯಿಯವರೆಗೆ ಬಂದಿತ್ತು.

ನನಗೆ ನಾನೇ ಎಷ್ಟೋ ಸಮಾಧಾನ ಹೇಳಿಕೊಂಡಿದ್ದೇನೆ. ನನ್ನ ವಯಸ್ಸಿನ ಹೆಂಗಸರಿಗೆ ನರದ ಉರಿ ಬರುವುದು ಹೊಸದಲ್ಲ. ಉಣ್ಣಿಗಳು ಮೈಯ ಮಡಿಕೆಗಳನ್ನೇ ಹುಡುಕಿಕೊಂಡು ಹೋಗುತ್ತವೆ. ಟವೆಲು ಅವುಚಿಕೊಂಡ ಹೆಂಗಸಿನಲ್ಲಿ ನೋಡದೆ ಉಳಿದ ಜಾಗ ಯಾವುದು ಎಂದು ಯಾರಾದರೂ ಊಹಿಸಬಹುದು. ಒಂದೊಂದನ್ನೇ ತೆಗೆದುಕೊಂಡರೆ ಎಲ್ಲವೂ ಒಪ್ಪುವಂತಿದೆ. ಆದರೆ ಪರದೆಯ ಒಳಗೆ ನಾನು ಊಹಿಸಲಿಲ್ಲ. ನನಗೆ ಗೊತ್ತಿತ್ತು. ಆ ಗೊತ್ತಿರುವಿಕೆಯನ್ನು ಮಾತ್ರ ಯಾವ ಸಮಾಧಾನದೊಳಗೂ ಕೂರಿಸಲು ನನ್ನಿಂದ ಆಗಿಲ್ಲ.

ಖಚಿತವಾಗಿ ಹೇಳಬಲ್ಲದ್ದು ಒಂದಿದೆ, ಅದನ್ನು ನನ್ನ ತರಗತಿಯ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಹುಲ್ಲು, ಪೊದೆ, ದನ, ನಾಯಿ ಇವುಗಳ ನಡುವೆ ಓಡಾಡುವವರಿಗೆ ಜ್ವರ ಬಂದರೆ ಆ ಓಡಾಟದ ವಿಷಯ ಡಾಕ್ಟರಿಗೆ ತಾವಾಗಿಯೇ ಹೇಳಬೇಕು. ಮೈಮೇಲೆ ಕಪ್ಪು ಹಕ್ಕಳೆ ಇದೆಯೇ, ಅಂಗೈಯಲ್ಲಿ ಚುಕ್ಕೆ ಇದೆಯೇ ನೋಡಿಕೊಳ್ಳಬೇಕು. ಹೆಂಗಸರು ನಾಚಿಕೆ ಬಿಟ್ಟು ಇನ್ನೊಬ್ಬ ಹೆಂಗಸಿನ ಹತ್ತಿರವಾದರೂ ನೋಡಿಸಿಕೊಳ್ಳಬೇಕು. ಮಕ್ಕಳು ಮುಸಿಮುಸಿ ನಗುತ್ತಾರೆ. ನಗಲಿ, ಮನೆಯಲ್ಲಿ ಹೇಳಿದರೆ ಸಾಕು.

ಗಂಗರತ್ನಳಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ದಿನ ತೂಗಿದೆ. ಮುಂದಿನ ಬೇಸಿಗೆಯಲ್ಲಿ ಅವರ ಊರಿಗೆ ಹೋದಾಗ ಹೇಳಿದೆ. ಸಂಜೆ, ಅವಳು ಕೊಟ್ಟಿಗೆಯಲ್ಲಿ ಹಸುವಿನ ಕಿವಿಯ ಹಿಂದೆ ಕೈಯಾಡಿಸಿ ಉಣ್ಣಿ ಇದೆಯೇ ಎಂದು ನೋಡುತ್ತಿದ್ದಳು. ನಾನು ಪರೀಕ್ಷೆಯ ಕೊಠಡಿಯಿಂದ ಹಿಡಿದು ಪರದೆಯವರೆಗೆ ಎಲ್ಲ ಹೇಳಿದೆ. ಅವಳು ಆಶ್ಚರ್ಯಪಡುತ್ತಾಳೆ, ದೇವರ ಹೆಸರು ಹೇಳುತ್ತಾಳೆ, ಇಲ್ಲವೇ ನನ್ನ ಕಾಲಿಗೆ ಬೀಳಲು ಬರುತ್ತಾಳೆ ಎಂದು ಅಂಜಿದ್ದೆ. ಅವಳು ಅದೊಂದನ್ನೂ ಮಾಡಲಿಲ್ಲ. ಹಸುವಿನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ತಿರುಗಿದಳು. ಆಮೇಲೆ ನನ್ನನ್ನೇ ನೋಡುತ್ತ, "ತುಂಬ ಉರೀತಾ ಅಕ್ಕ?" ಎಂದು ಕೇಳಿದಳು.

"ಇಲ್ಲ ಕಣಮ್ಮ, ಸ್ವಲ್ಪ" ಎಂದೆ.

"ನನಗೇನೂ ಗೊತ್ತಾಗ್ಲೇ ಇಲ್ಲ" ಎಂದಳು. ನನ್ನ ಸಾಮಾನು ಒಂದನ್ನು ಕೇಳದೆ ತೆಗೆದುಕೊಂಡು ಹೋಗಿದ್ದವಳ ಹಾಗೆ ಅವಳ ದನಿ ತಗ್ಗಿತ್ತು. ಮತ್ತೆ ಕೇಳಿದಳು: "ಅದು ನನ್ನದಲ್ವಾ ಅಕ್ಕ? ನಿಮಗ್ಯಾಕೆ ಬಂತು?"

ಅವಳು ಉತ್ತರಕ್ಕಾಗಿ, ಪಾಠ ಕೇಳುವ ಹುಡುಗಿಯ ಹಾಗೆ, ಕಾದು ನಿಂತಿದ್ದಳು.